ಒಂದು ಹಂಚನ್ನೂ ಮುಟ್ಟಬೇಡಿ

ನ್ಯಾಯಕ್ಕೆ ಬಣ್ಣವಿಲ್ಲ, ಊರಿಲ್ಲ, ಋತುವಿಲ್ಲ. ಅದು ದೇಶಕಾಲಗಳನ್ನು ಮೀರಿ ನಿಂತಿರುವಂಥದ್ದು. ಆದರೆ ನ್ಯಾಯವಾದಿಯ ಕೋಟಿಗೆ ಈ ಮೂರೂ ಉಂಟು. ಬಾಗಲಕೋಟೆಯ ಬಿಸಿಲಿನಲ್ಲಿ ವರ್ಷಾನುಗಟ್ಟಲೆ ಕಪ್ಪಾಗಿಯೇ ಇದ್ದ ನನ್ನ ಕೋಟು ಉಡುಪಿಯ ಮೊದಲ ಮಳೆಗಾಲದಲ್ಲಿ ಹಸಿರಾಯಿತು.

“ಏನ್ರೀ, ನಿಮ್ಮ ಕೋಟಿನ ಮ್ಯಾಲೆ ಹುಲ್ಲು ಬೆಳದೈತಿ,” ಎಂದು ಹೆಂಡತಿ ಕರೆದಾಗ ನಾನು ನಂಬಲಿಲ್ಲ. ಹೋಗಿ ನೋಡಿದರೆ ಕಾಲರಿನಿಂದ ಕಿಸೆಯವರೆಗೆ ನಯವಾದ ಬೂಷ್ಟು. ನಾನು ಮೊದಲು ಸಂಶಯಪಟ್ಟದ್ದು ಇಸ್ತ್ರಿ ಅಂಗಡಿಯವನನ್ನು. ಅವನು ಬಹಳ ಮರ್ಯಾದೆಯಿಂದ, “ಇಲ್ಲ ಸರ್, ಇದು ಹವೆ. ಇಲ್ಲಿ ಎಲ್ಲರದ್ದೂ ಹೀಗೇ,” ಎಂದ. ಆ ಮರ್ಯಾದೆಯಿಂದಾಗಿಯೇ ನನ್ನ ಸಂಶಯ ಇನ್ನಷ್ಟು ಗಟ್ಟಿಯಾಯಿತು. ನಮ್ಮ ಕಡೆ ತಪ್ಪು ಮಾಡದವನು ಇಷ್ಟು ಮೆತ್ತಗೆ ಮಾತಾಡುವುದಿಲ್ಲ, ಜಗಳಕ್ಕೇ ಬರುತ್ತಾನೆ.

ಊರಿನ ಓದುಗರಿಗೆ ನಾನು ಇಲ್ಲಿಗೆ ಬಂದ ಕಾರಣ ಗೊತ್ತಿರಲಿ. ಅನ್ಯಾಯವನ್ನು ಹುಡುಕಿಕೊಂಡು ಬಂದವನಲ್ಲ. ಹೆಂಡತಿಗೆ ಮಣಿಪಾಲದಲ್ಲಿ ನೌಕರಿ ಸಿಕ್ಕಿತು. ನಾನು ಟ್ರಂಕು ಹೊತ್ತು ಹಿಂದೆ ಬಂದೆ. ಅಲ್ಲಿ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗುವ ಮನೆಗಳ ಪರಿಹಾರದ ದಾವೆಗಳನ್ನು ನಡೆಸುತ್ತಿದ್ದೆ, ನಡುನಡುವೆ ಪೊಲೀಸ್ ಠಾಣೆಯಲ್ಲಿ ಪೆಟ್ಟು ತಿಂದವರ ಪರವಾಗಿ ದೂರು ಬರೆಯುತ್ತಿದ್ದೆ. ಇದಕ್ಕೆ ಮಾನವ ಹಕ್ಕುಗಳ ವಕಾಲತ್ತು ಎಂಬ ದೊಡ್ಡ ಹೆಸರಿದೆ. ಬಾಗಲಕೋಟೆ, ಉಡುಪಿ ಎರಡೂ ಆಗಷ್ಟೇ ಹೊಸ ಜಿಲ್ಲೆಗಳಾಗಿದ್ದವು. ಹೊಸ ಜಿಲ್ಲೆ ಎಂದಮೇಲೆ ಹೊಸ ಅನ್ಯಾಯಗಳೂ ಇರಲೇಬೇಕು ಎಂಬ ಧೈರ್ಯದಲ್ಲಿದ್ದೆ.

ಮನೆ ಹುಡುಕುವಾಗ ಮೊದಲ ಪ್ರಶ್ನೆ ಎಲ್ಲ ಕಡೆಯೂ ಒಂದೇ: “ನೀವು ಘಟ್ಟದವರಾ?” ಬೀದರಿನಿಂದ ಚಾಮರಾಜನಗರದವರೆಗೆ ಘಟ್ಟದ ಮೇಲಿನ ಇಡೀ ಕರ್ನಾಟಕ ಇವರ ಪಾಲಿಗೆ ಒಂದೇ ಊರು, ಅಲ್ಲಿಯವರೆಲ್ಲ ಘಟ್ಟದವರು. ಎರಡನೆಯದು: “ಕೆಲಸ ಎಂತದು?” ವಕೀಲ ಎಂದಾಗ ಮುಖದ ನಗು ಹಾಗೇ ಇರುತ್ತಿತ್ತು, ಗೇಟು ಮಾತ್ರ ಸ್ವಲ್ಪ ಮುಚ್ಚಿಕೊಳ್ಳುತ್ತಿತ್ತು. ಅಂಬಲಪಾಡಿಯ ಒಬ್ಬ ಯಜಮಾನರು ಪೂರ್ತಿ ವಿಚಾರಿಸಿದರು. “ಮಾನವ ಹಕ್ಕು ಅಂದ್ರೆ, ಬಾಡಿಗೆಯವರಿಗೂ ಉಂಟಲ್ವಾ ಅದು?” ಉಂಟು ಎಂದೆ. “ಹಾಗಾದ್ರೆ ಬೇಡ ಮಾರಾಯ್ರೆ, ನಮ್ದು ಸಣ್ಣ ಮನೆ,” ಎಂದರು.

ಕೊನೆಗೆ ಮನೆ ಸಿಕ್ಕಿದ್ದು ಸಂತೆಕಟ್ಟೆಯಲ್ಲಿ, ಐರಿನ್ ಟೀಚರ ಹಿತ್ತಲಿನಲ್ಲಿ. ಕೊಂಕಣಿ ಮಾತಾಡುವ ಕ್ರೈಸ್ತ ಮನೆತನ. ಕಾಪುವಿನ ಶಾಲೆಯಲ್ಲಿ ಬಹಳ ಕಾಲ ಪಾಠ ಮಾಡಿ ನಿವೃತ್ತರಾದವರು. ಗಂಡ ಕುವೈತಿನಲ್ಲಿ. ಟೀಚರು ಜಗತ್ತನ್ನೆಲ್ಲ ಐದನೇ ತರಗತಿಯ ಮಕ್ಕಳೆಂದು ತಿಳಿದವರಾದ್ದರಿಂದ ವಕೀಲನಿಗೆ ಹೆದರಲಿಲ್ಲ. “ಮೀನು ತಿನ್ನುದಿಲ್ಲವಾ? ಕೋಳಿಯೂ ಇಲ್ಲವಾ? ಮತ್ತೆ ನೀವು ಬದುಕುದು ಹೇಗೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೀಗದ ಕೈ ಕೊಟ್ಟರು.

ಹೇಗೆ ಬದುಕುವುದು ಎಂಬುದು ಸಣ್ಣ ಪ್ರಶ್ನೆಯಾಗಿರಲಿಲ್ಲ. ಇಲ್ಲಿನ ಕುಚ್ಚಲಕ್ಕಿ, ಅಂದರೆ ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಕೆಂಪಕ್ಕಿ, ಬಾಯಿಗೆ ಹೋದ ಮೇಲೂ ಕಾಳು ಕಾಳಾಗಿ ಪ್ರತಿಭಟಿಸುತ್ತದೆ. ಸಾಂಬಾರಿನಲ್ಲಿ ಬೆಲ್ಲ ಸಿಕ್ಕಾಗ ಹೋಟೆಲಿನವನು ಬೇರೆ ಯಾರದೋ ಪಾಯಸದ ಸೌಟು ಅದ್ದಿದ್ದಾನೆ ಎಂದೇ ತಿಳಿದೆ. ಜೋಳವಂತೂ ಪಕ್ಷಿಗಳ ಆಹಾರವೆಂದು ಅಂಗಡಿಯವರ ನಂಬಿಕೆ. ಊರಿನಿಂದ ಬಸ್ಸಿನಲ್ಲಿ ಹಿಟ್ಟು ತರಿಸಿ, ಹೆಂಡತಿ ಕೆಲಸಕ್ಕೆ ಹೋಗುವ ಮೊದಲು ನಾನೇ ರೊಟ್ಟಿ ಬಡಿಯತೊಡಗಿದೆ. ವಾರ ಕಳೆದಿರಲಿಕ್ಕಿಲ್ಲ, ಐರಿನ್ ಟೀಚರು ಬಾಗಿಲಿಗೆ ಬಂದು ಒಳಗೆಲ್ಲ ಕಣ್ಣು ಹಾಯಿಸಿ, ಹೆಂಡತಿಯನ್ನು ಮಾತ್ರ ಹೊರಗೆ ಕರೆದರು.

“ಹೆದರ್ಬೇಡಿ. ನಿಜ ಹೇಳಿ. ದಿನಾ ಬೆಳಿಗ್ಗೆ ಇವರು ನಿಮಗೆ ಹೊಡೀತಾರಾ?”

ಹೆಂಡತಿ ಅವರನ್ನು ಒಳಗೆ ಕರೆತಂದು ಹಿಟ್ಟಿನ ಕೈಯಲ್ಲಿ ಕುಳಿತ ಮಾನವ ಹಕ್ಕುಗಳ ವಕೀಲನನ್ನು ತೋರಿಸಿದಳು. ಟೀಚರು ಒಂದು ರೊಟ್ಟಿ ಮುರಿದು ತಿಂದರು. “ಪೆಟ್ಟು ಚೆನ್ನಾಗಿ ಬಿದ್ದಿದೆ,” ಎಂದರು. ಅಂದಿನಿಂದ ನಾವು ಪರಿಚಿತರಾದೆವು.

ಕೋರ್ಟಿನಲ್ಲಿ ಮಾತ್ರ ಅಷ್ಟು ಬೇಗ ಒಗ್ಗಲಿಲ್ಲ. ಕಟಕಟೆಯ ಮುಂದೆ ಕನ್ನಡ, ಇಂಗ್ಲಿಷ್, ಜಗಲಿಯಲ್ಲಿ ತುಳು. ನಾನು ಹತ್ತಿರ ಹೋದ ಕೂಡಲೇ ಸಹೋದ್ಯೋಗಿಗಳು ತುಳು ನಿಲ್ಲಿಸಿ, ಅಚ್ಚಿನಲ್ಲಿ ಬರುವಂಥ ಕನ್ನಡದಲ್ಲಿ “ಊಟ ಆಯಿತಾ?” ಎನ್ನುತ್ತಿದ್ದರು. ಸೌಜನ್ಯ ಎಂದು ಈಗ ಗೊತ್ತು. ಆಗ, ನನ್ನ ವಿಷಯವೇ ಮಾತಾಡುತ್ತಿದ್ದಾರೆ ಎಂಬುದರಲ್ಲಿ ಸಂಶಯವಿರಲಿಲ್ಲ. ನಮ್ಮ ಕಡೆಯ ಕೋರ್ಟಿನಲ್ಲಿ ಎದುರಾಳಿ ವಕೀಲ ಬೈಯುತ್ತಾನೆ, ಆಮೇಲೆ ಚಹಾ ಕುಡಿಸುತ್ತಾನೆ. ಇಲ್ಲಿ ಬೈಗುಳ ಇಲ್ಲದ ಕಾರಣ ಚಹಾವನ್ನೂ ನಂಬುವಂತಿರಲಿಲ್ಲ.

ಗಿರಿಜಕ್ಕ ಬಂದದ್ದು ಐರಿನ್ ಟೀಚರ ಮೂಲಕ. ಟೀಚರ ಹಳೆಯ ವಿದ್ಯಾರ್ಥಿನಿ, ಕಾಪುವಿನವರು, ಮೀನು ಮಾರಿ ಜೀವನ. ಗಂಡ ಇಲ್ಲ, ತಂದೆ ಕಟ್ಟಿಸಿದ ಹಂಚಿನ ಮನೆ ಕಡಲ ದಡದಲ್ಲಿತ್ತು. ಮನೆಗೂ ನೀರಿಗೂ ನಡುವೆ ಇದ್ದ ತೆಂಗಿನ ಮರಗಳು ಮಳೆಗಾಲಕ್ಕೊಂದು ಸಾಲಿನಂತೆ ಹೋಗಿ, ಈಗ ಕೊನೆಯ ಸಾಲು ಉಳಿದಿತ್ತು. ಮನೆ ಹೋಗುವುದು ಖಂಡಿತ. ಪರಿಹಾರ ಸಿಕ್ಕಿದರೆ ರಸ್ತೆಯಾಚೆ, ಅದೇ ಊರಲ್ಲಿ, ಒಂದು ತುಂಡು ಜಾಗ ಕೊಂಡು ಮತ್ತೆ ಮನೆ ಕಟ್ಟಬಹುದು. ಸಿಗದಿದ್ದರೆ ಕಾಪು ಬಿಡಬೇಕು.

ನಾನು ರೂಢಿಯಂತೆ ಕೇಳಿದೆ: “ಯಾರ ಮೇಲೆ ಸಂಶಯ?”

ಗಿರಿಜಕ್ಕ ಟೀಚರ ಮುಖ ನೋಡಿದರು. ಟೀಚರು ನನ್ನ ಮುಖ ನೋಡಿದರು. “ಸಂಶಯ ಎಂತದು ವಕೀಲ್ರೆ? ಕಡಲು,” ಎಂದರು ಗಿರಿಜಕ್ಕ.

ನಮ್ಮ ಕಡೆ ಹೊಲದ ಪಕ್ಕದವನು ವರ್ಷಕ್ಕೊಂದು ನೇಗಿಲ ಸಾಲಿನಷ್ಟು ಬದು ಒತ್ತುತ್ತಾನೆ. ಅವನಿಗೆ ಹೆಸರಿದೆ, ತಂದೆಯ ಹೆಸರಿದೆ, ಸಮನ್ಸು ಅಂಟಿಸಲು ಬಾಗಿಲಿದೆ. ಗಿರಿಜಕ್ಕನ ಜಾಗದ ಪತ್ರದಲ್ಲಿಯೂ ಪಶ್ಚಿಮದ ನೆರೆಯವರ ಹೆಸರು ಸ್ಪಷ್ಟವಾಗಿಯೇ ಇತ್ತು: ಸಮುದ್ರ. ಆದರೆ ಪ್ರತಿವಾದಿ ಇಲ್ಲದ ಅನ್ಯಾಯವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಡಲಿನ ಹಿಂದೆ ಯಾರೋ ಇರಲೇಬೇಕು.

ಹುಡುಕಿದರೆ ಸಿಕ್ಕರೂ ಸಿಕ್ಕರು. ಕಾಪುವಿನ ದಡದುದ್ದಕ್ಕೂ ಕಡಲು ತಡೆಯಲು ಕಲ್ಲಿನ ಗೋಡೆ ಹಾಕುತ್ತಿದ್ದರು. ಕಲ್ಲು ಬರುವುದು ಕಾರ್ಕಳದಿಂದ. ಅಲ್ಲಿನ ಬಂಡೆ ಒಡೆದು, ಲಾರಿಯಲ್ಲಿ ತಂದು, ಇಲ್ಲಿ ಸುರಿಯುವುದು, ಮಳೆಗಾಲದಲ್ಲಿ ಕಡಲು ಅದನ್ನು ನುಂಗುವುದು, ಮತ್ತೆ ತರುವುದು. ಕಾರ್ಕಳವನ್ನು ಕಂತಿನಲ್ಲಿ ಕಾಪುವಿಗೆ ಸ್ಥಳಾಂತರಿಸುವ ಯೋಜನೆ ಎಂದು ನಾನು ತಿಳಿದುಕೊಂಡೆ. ಈ ಗೋಡೆ ಒಂದು ದೊಡ್ಡ ತೆಂಗಿನ ತೋಟದ ಎದುರು ಭದ್ರವಾಗಿ ನಿಂತು, ಗಿರಿಜಕ್ಕನ ಸಾಲಿನ ಮನೆಗಳು ಶುರುವಾಗುವಲ್ಲಿ ಸರಿಯಾಗಿ ಮುಗಿದಿತ್ತು. ಗೋಡೆ ಮುಗಿಯುವ ತುದಿಯಲ್ಲಿ ತೆರೆ ಹೆಚ್ಚು ಬಡಿಯುತ್ತದೆಂದು ಅಲ್ಲಿಯ ಮೀನುಗಾರರೇ ಹೇಳಿದರು. ತೋಟ ಯಾರದ್ದು ಎಂದು ಕೇಳಿದಾಗ ಮಾತ್ರ ಎಲ್ಲರೂ ಹವೆಯ ಬಗ್ಗೆ ಮಾತಾಡಿದರು.

ಅಲ್ಲಿ ಲಾರಿಯಿಂದ ಕಲ್ಲು ಇಳಿಸುತ್ತಿದ್ದವರ ನಡುವಿನಿಂದ ಒಂದು ದನಿ ಬಂತು. “ಅಯ್ಯ! ವಕೀಲ ಸಾಹೇಬ್ರ! ನೀವೂ ಬಂದ್ರ್ಯಾ?”

ಹನಮಪ್ಪ. ಊರಿನಲ್ಲಿ ನನ್ನ ಕಕ್ಷಿದಾರನಾಗಿದ್ದವನು. ನಾನು ಸೋತ ಮೊಕದ್ದಮೆಗಳಲ್ಲಿ ಒಂದು ಅವನದು. ಮುಳುಗಡೆ ಮನೆಯ ಬೆಲೆ ಕಟ್ಟಲು ಅಧಿಕಾರಿಗಳು ಬರುವ ಮೊದಲೇ ಹನಮಪ್ಪ ಸಾಗವಾನಿ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತುಕೊಂಡಿದ್ದ. ಬಾಗಿಲಿಲ್ಲದ ಮನೆಗೆ ಬಾಗಿಲಿನ ಪರಿಹಾರವಿಲ್ಲ ಎಂದು ತೀರ್ಪಾಯಿತು. ಅದಕ್ಕಾಗಿಯೇ ಆಮೇಲಿನ ಎಲ್ಲ ಕಕ್ಷಿದಾರರಿಗೂ ನಾನು ಮೊದಲು ಹೇಳುವ ಮಾತು: ಮಹಜರು ಆಗುವವರೆಗೆ, ಅಂದರೆ ಅಧಿಕಾರಿಗಳು ಬಂದು ಪಂಚರ ಎದುರು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳುವವರೆಗೆ, ಏನನ್ನೂ ಮುಟ್ಟಬೇಡಿ.

“ಊರು ನೀರಾಗ ಹೋತ್ರಿ. ಈಗ ಇಲ್ಲಿ ನೀರಿಗೆ ಕಲ್ಲು ಒಗಿಯಾಕ ಬಂದೀನಿ,” ಎಂದು ಹನಮಪ್ಪ ನಕ್ಕ.

“ಈ ಗ್ವಾಡಿ ಇಲ್ಲಿಗೇ ಯಾಕ ನಿಂತತಿ?”

“ಕಲ್ಲು ಮುಗದಾವಂತ್ರಿ.”

“ಖರೇನ?”

“ನಾ ಹೊರಾಂವ್ರಿ ಸಾಹೇಬ್ರ. ಕೇಳಾವ್ರು ನೀವು.”

ಗಿರಿಜಕ್ಕನಿಗೆ ನಾನು ಸ್ಪಷ್ಟವಾಗಿ ಹೇಳಿದೆ. ಪರಿಹಾರ ಸಿಗುವುದು ಕಡಲು ಕೆಡವಿದ ಮನೆಗೆ. ನೀವೇ ಬಿಚ್ಚಿದರೆ ಸ್ವಇಚ್ಛೆಯಿಂದ ಬಿಟ್ಟಿರಿ ಎನ್ನುತ್ತಾರೆ. “ಒಂದು ಹಂಚನ್ನೂ ಮುಟ್ಟಬೇಡಿ.”

“ಆಯ್ತು ವಕೀಲ್ರೆ, ನೋಡುವ,” ಎಂದರು ಗಿರಿಜಕ್ಕ.

ಮಹಜರಿಗೆ ಅರ್ಜಿ ಕೊಟ್ಟೆ. ಕಚೇರಿಯವರು, ಮನೆ ಇನ್ನೂ ಬಿದ್ದಿಲ್ಲವಲ್ಲ, ಬಿದ್ದ ಮೇಲೆ ಬರುತ್ತೇವೆ ಎಂದರು. ನಮ್ಮ ಕಡೆ ನೀರು ಬರುವ ಮೊದಲು ನೋಟೀಸು ಬರುತ್ತದೆ, ಗೋಡೆಯ ಮೇಲೆ ಬಣ್ಣದಲ್ಲಿ ನೀರಿನ ಮಟ್ಟ ಬರೆಯುತ್ತಾರೆ, ಆಮೇಲೆ ನೀರು ಶಿಸ್ತಾಗಿ ಆ ಗೆರೆಗೆ ಏರುತ್ತದೆ. ಇಲ್ಲಿನ ನೀರಿಗೆ ಅಂಥ ಆಡಳಿತಾನುಭವವಿಲ್ಲ.

ಮೇ ತಿಂಗಳು ಬರುತ್ತಿದ್ದಂತೆ ಕಾಪುವಿನ ಗಾಳಿ ಬದಲಾಯಿತು. ನಾನು ಹೋದಾಗೆಲ್ಲ ಗಿರಿಜಕ್ಕನ ಅಂಗಳದಲ್ಲಿ ಗುಂಪಾಗಿ ನಿಂತವರು ತುಳು ನಿಲ್ಲಿಸಿ ನನಗೆ ಎಳನೀರು ಕೊಡುತ್ತಿದ್ದರು. ಜಗಲಿಯಲ್ಲಿ ಹೊಸ ಹಗ್ಗದ ಸುರುಳಿ ಕಂಡೆ. ಇನ್ನೊಮ್ಮೆ ಕಲ್ಲಿನ ಗುತ್ತಿಗೆದಾರನ ಲಾರಿ ಮನೆಯ ಹಿಂದೆ ನಿಂತಿತ್ತು; ಚಾಲಕ ಒಳಗೆ ಕುಳಿತು ಅವಲಕ್ಕಿ ತಿನ್ನುತ್ತಿದ್ದ. ನನಗೆ ಎಲ್ಲವೂ ಅರ್ಥವಾಯಿತು. ಗೋಡೆಯ ವಿಷಯ ಎತ್ತಬಾರದೆಂದು ಗುತ್ತಿಗೆದಾರ ಇವರನ್ನು ಕೊಂಡಿದ್ದಾನೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ.

“ನಿಮಗ ಯಾರ ಮ್ಯಾಲೆ ಸಂಶಯ ಇಲ್ಲ, ಅದನ್ನರ ಹೇಳ್ರಿ,” ಎಂದಳು.

ಸ್ವಲ್ಪ ಯೋಚಿಸಿದೆ. ತಟ್ಟನೆ ಯಾರೂ ನೆನಪಾಗಲಿಲ್ಲ.

ಒಂದು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದ ಐರಿನ್ ಟೀಚರು ಹಳೆಯ ಸೀರೆ ಉಟ್ಟು ಬಸ್ಸಿಗೆ ಹೊರಟಿದ್ದರು. ಎಲ್ಲಿಗೆ ಎಂದೆ. “ಕಾಪುವಿಗೆ,” ಎಂದವರು ತಡೆದು, “ಹಾಗೇ, ಸುಮ್ಮನೆ,” ಎಂದು ಸೇರಿಸಿದರು. ಟೀಚರು ಸುಮ್ಮನೆ ಎಲ್ಲಿಗೂ ಹೋಗುವವರಲ್ಲ. ಹಿಂದಿನ ಬಾಗಿಲಿನಿಂದ ಅದೇ ಬಸ್ಸು ಹತ್ತಿದೆ.

ಗಿರಿಜಕ್ಕನ ಮನೆಗೆ ಛಾವಣಿಯೇ, ಇಲ್ಲಿಯವರ ಮಾತಿನಲ್ಲಿ ಮಾಡು, ಇರಲಿಲ್ಲ. ರೀಪು, ಪಕ್ಕಾಸು, ಅಂದರೆ ಹಂಚು ಹೊರುವ ಮರಪಟ್ಟಿ ಮತ್ತು ತೊಲೆಗಳು, ಬಿಚ್ಚಿ ಕಟ್ಟಾಗಿದ್ದವು. ಒಳಗೆ ಇಳಿಸಿಟ್ಟ ರಾಶಿಯಿಂದ ಅಂಗಳದವರೆಗೆ ಜನ ಸಾಲಾಗಿ ನಿಂತು ಹಂಚನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು: ಬಲೆಯವರು, ಮೀನು ಮಾರುವ ಹೆಂಗಸರು, ಪಕ್ಕದ ಬೀದಿಯ ಅಂಗಡಿಯ ಬ್ಯಾರಿ ಮುಸ್ಲಿಮರು. ಸಾಲಿನ ಕೊನೆಯಲ್ಲಿ ಕಲ್ಲಿನ ಲಾರಿ. ಲಾರಿಯ ಮೇಲೆ ಹಂಚು ಜೋಡಿಸುತ್ತಿದ್ದವನು ಹನಮಪ್ಪ. ಕಾರ್ಕಳಕ್ಕೆ ಖಾಲಿ ಹೋಗುವ ಲಾರಿ ದಾರಿ ಸುತ್ತಿ ಹಿರಿಯಡ್ಕದಲ್ಲಿ ಗಿರಿಜಕ್ಕನ ತಂಗಿಯ ಮನೆಯಲ್ಲಿ ಇದನ್ನೆಲ್ಲ ಇಳಿಸಿ ಹೋಗುವುದೆಂದು ಚಾಲಕ ಒಪ್ಪಿದ್ದ. ಅವಲಕ್ಕಿಯ ಗುಟ್ಟು ಅಷ್ಟೇ.

ಒಂದು ವಿಚಿತ್ರ ಮಾತ್ರ ಈಗಲೂ ಕಣ್ಣಿಗೆ ಕಟ್ಟಿದೆ. ಮಾಡು ಇಲ್ಲ, ಒಂದು ಬದಿಯ ಗೋಡೆಯೂ ಇಲ್ಲ. ಎಲ್ಲಿಂದ ಬೇಕಾದರೂ ಒಳಗೆ ನಡೆಯಬಹುದು. ಆದರೂ ಒಬ್ಬರೂ ಗೋಡೆಯಿದ್ದ ಜಾಗದಿಂದ ದಾಟುತ್ತಿರಲಿಲ್ಲ. ಎಲ್ಲರೂ ಸುತ್ತಿ ಬಂದು, ತಲೆ ತಗ್ಗಿಸಿ, ಬಾಗಿಲಿನಿಂದಲೇ ಹೋಗಿ ಬರುತ್ತಿದ್ದರು. ಬಾಗಿಲು ಬಿಚ್ಚುವುದು ಕೊನೆಗೆ. ಅಲ್ಲಿಯವರೆಗೆ ಅದು ಮನೆ. ಕೋಪದಲ್ಲಿ ಬಂದ ನಾನೂ ಬಾಗಿಲಿನಿಂದಲೇ ಒಳಗೆ ಹೋದೆ.

“ಗಿರಿಜಕ್ಕ, ಮುಟ್ಟಬೇಡಿ ಅಂದಿದ್ದೆನಲ್ಲ?”

“ಹೌದು ವಕೀಲ್ರೆ. ನನಗೆ ನೀವು ಹೇಳಿದ್ರಿ. ಕಡಲಿಗೆ ಯಾರು ಹೇಳುದು?”

“ಪರಿಹಾರ ಸಿಗುವುದಿಲ್ಲ.”

“ಅವರು ಕೊಡುವ ಪರಿಹಾರಕ್ಕೆ ನನ್ನ ಅಪ್ಪ ಹಾಕಿಸಿದ ಪಕ್ಕಾಸನ್ನು ಕಡಲಿಗೆ ಕೊಡ್ಲಿಕ್ಕುಂಟಾ? ಕೊಟ್ಟು, ಆಮೇಲೆ ಅವರು ಬರ್ಲಿಲ್ಲ ಅಂದ್ರೆ?”

ನಾನು ಟೀಚರ ಕಡೆ ತಿರುಗಿದೆ. “ನೀವಾದರೂ ನನಗೆ ಹೇಳಬಹುದಿತ್ತು.”

“ಹೇಳಿದ್ರೆ ನೀವು ಬೇಡ ಅಂತಿದ್ರಿ. ನೀವು ಬೇಡ ಹೇಳಿದ ಮೇಲೆ ನಿಮ್ಮೆದುರೇ ಮಾಡುದು ಚಂದವಾ? ನಿಮಗೆ ಬೇಜಾರಾಗ್ಬಾರ್ದಂತ ಊರಿಡೀ ಬಾಯಿ ಮುಚ್ಚಿ ಕೂತದ್ದು ಮಾರಾಯ್ರೆ.”

ಇಷ್ಟು ದಿನ ನಾನು ಪತ್ತೆ ಹಚ್ಚಿದ ಒಳಸಂಚು ಇದು. ಸಂಚು ಇದ್ದದ್ದು ನಿಜ. ನನ್ನ ಮನಸ್ಸು ನೋಯಿಸಬಾರದೆಂಬುದು ಅದರ ಉದ್ದೇಶ.

ಉಳಿದ ಕೋಪವನ್ನು ಹನಮಪ್ಪನ ಮೇಲೆ ಹಾಕಿದೆ. “ಬಾಗಲಾ ಕಿತ್ತಿದ್ದಕ್ಕ ಪರಿಹಾರ ಹೋತಂತ ನಿನಗ ಗೊತ್ತದ. ಆದ್ರೂ ಇವರಿಗೆ ಹೇಳಲಿಲ್ಲ?”

“ಹೇಳೀನ್ರಿ. ಪರಿಹಾರ ಬರಂಗಿಲ್ಲಂತನೂ ಹೇಳೀನಿ, ಬಿಚ್ಚ್ರೀ ಅಂತನೂ ಹೇಳೀನಿ.” ಹನಮಪ್ಪ ಹಂಚು ಇಟ್ಟು ಬೆವರು ಒರೆಸಿಕೊಂಡ. “ಪರಿಹಾರ ಬರಲಿಲ್ಲ, ಖರೆ. ಬಾಗಲಾ ಐತಲ್ರಿ.”

ಸಾಲಿನಲ್ಲಿ ಯಾರೋ ಜಾಗ ಮಾಡಿದರು. ನಾನು ನಿಂತೆ. ಹಂಚು ದಾಟಿಸುವುದು ಸುಲಭದ ಕೆಲಸವಲ್ಲ, ಒಂದನ್ನು ಒಡೆದೆ. “ವಕೀಲ್ರು ಮುಟ್ಟಿದ್ರು!” ಎಂದು ಮೀನಿನ ಹೆಂಗಸೊಬ್ಬರು ಕೂಗಿದರು. ಅಂದು ನಕ್ಕಷ್ಟು ಆ ಊರು ನನ್ನೆದುರು ಅದುವರೆಗೆ ನಕ್ಕಿರಲಿಲ್ಲ. ಸಂಜೆ ಗಿರಿಜಕ್ಕ ಬಾಗಿಲು ಬಿಚ್ಚಿಸಿದರು. ಆಮೇಲೆ ಜನ ಎಲ್ಲಿಂದ ಬೇಕೋ ಅಲ್ಲಿಂದ ದಾಟಿದರು.

ಮಳೆಗಾಲದಲ್ಲಿ ಕಡಲು ಕೊನೆಯ ತೆಂಗಿನ ಸಾಲನ್ನೂ ಮನೆಯ ಪಂಚಾಂಗವನ್ನೂ, ಅಂದರೆ ಅಡಿಪಾಯವನ್ನೂ, ತೆಗೆದುಕೊಂಡಿತು. ಆಮೇಲೆ ಅಧಿಕಾರಿಗಳು ಮಹಜರಿಗೆ ಬಂದರು. ಗೋಡೆಯ ಕೆಲವು ಕೆಂಪು ಮುರಕಲ್ಲು ಬಿಟ್ಟು ಏನೂ ಇರಲಿಲ್ಲ. “ಮನೆಯ ಮರಮಟ್ಟು ಎಲ್ಲಿ?” ಹಿರಿಯಡ್ಕದಲ್ಲಿ. “ಹಾಗಾದ್ರೆ ಕಡಲು ಕೊಂಡುಹೋಗಿದ್ದು ಎಂತದು?” ನಾನು ಜಾಗ ಎಂದೆ. ಜಾಗಕ್ಕೆ ಬೇರೆ ಅರ್ಜಿ ಎಂದರು. ಮನೆಯ ಬಗ್ಗೆ ನಾನು ಊಹಿಸಿದ್ದ ಮಾತನ್ನೇ, ನಾನು ಊಹಿಸಿದ್ದ ಶಬ್ದಗಳಲ್ಲೇ ಬರೆದುಕೊಂಡರು: ಸ್ವಇಚ್ಛೆಯಿಂದ ಕಳಚಿದ್ದು. ಸಂಶಯ ನಿಜವಾದಾಗ ಸಂತೋಷವಾಗುತ್ತದೆ ಎಂದು ತಿಳಿದವರು ಸಂಶಯಪಟ್ಟು ನೋಡಿಲ್ಲ.

ಒಂದು ಆಯೋಗಕ್ಕೆ ದೂರು ಬರೆದೆ. ಯಾವ ಆಯೋಗ ಎಂದು ಹೇಳುವುದಿಲ್ಲ. ಮಾನನಷ್ಟದ ಕಾನೂನು ನನಗೂ ಗೊತ್ತು. ಹಕ್ಕು ಉಲ್ಲಂಘಿಸಿದವರು ಯಾರು ಎಂದು ಒಂದೇ ಸಾಲಿನಲ್ಲಿ ಕೇಳಿದರು. ಉತ್ತರ ಬರೆಯಲು ಕುಳಿತೆ. ಕಡಲು. ಕಡಲಿಗೆ ಮೂಲೆ ತೋರಿಸಿದ ಗೋಡೆ. ಗೋಡೆಯನ್ನು ಅಲ್ಲಿಗೇ ನಿಲ್ಲಿಸಿದವರು. ಕಡಲು ಹಿಂದಿನಂತಿಲ್ಲ ಎಂದು ಮೀನುಗಾರರು ಹೇಳುವುದರ ಹಿಂದೆ ಕಾಪುವಿನ ಹೆಸರನ್ನೇ ಕೇಳದ ಯಾವ್ಯಾವುದೋ ದೇಶಗಳ ಹೊಗೆ. ಪ್ರತಿವಾದಿ ಇಲ್ಲ ಎಂದುಕೊಂಡಿದ್ದೆ. ಈಗ ಸಮನ್ಸು ಅಂಟಿಸಲು ಭೂಮಂಡಲವೇ ಸಾಲದಂತಾಯಿತು.

ಈ ಗೋಳನ್ನು ಹೆಂಡತಿ ಕೆಲಸ ಮಾಡುವ ಕಾಲೇಜಿನ ಕ್ಯಾಂಟೀನಿನಲ್ಲಿ ತೋಡಿಕೊಳ್ಳುವಾಗ ಪಕ್ಕದ ಮೇಜಿನ ಪ್ರೊಫೆಸರೊಬ್ಬರು ಕುರ್ಚಿ ಎಳೆದುಕೊಂಡು ಬಂದರು. “ಇದಕ್ಕೆ ಈಗ ಒಂದು ಹೆಸರುಂಟು. ಹವಾಮಾನ ನ್ಯಾಯ,” ಎಂದರು. ಹವೆ ಕೆಟ್ಟು ನೆಲೆ ಕಳೆದುಕೊಂಡವರ ಹಕ್ಕಿನ ಬಗ್ಗೆ ಅವರದೊಂದು ಸಂಶೋಧನೆ ನಡೆಯುತ್ತಿತ್ತಂತೆ. ಹವಾಮಾನ ಎಂದರೆ ನಮ್ಮ ಕಡೆ ರೇಡಿಯೋದ ವಾರ್ತೆ ಮುಗಿದ ಮೇಲೆ ಬರುವ, ಯಾರೂ ನಂಬದ ಮಾತು. ಅದಕ್ಕೂ ನ್ಯಾಯಕ್ಕೂ ಗಂಟು ಹಾಕಿದವರಿಗೆ ಏನೋ ಲಾಭವಿರಬೇಕು. ಖರ್ಚು ಯಾರದ್ದು, ವರದಿ ಯಾರು ಓದುತ್ತಾರೆ, ಓದಿ ಯಾರನ್ನು ಮನೆಯಿಂದ ಎಬ್ಬಿಸುತ್ತಾರೆ ಎಂದು ಪಾಟೀಸವಾಲು ಮಾಡಿದೆ. ಪ್ರೊಫೆಸರು ಬೇಜಾರಾಗದೆ ಎಲ್ಲದಕ್ಕೂ ಉತ್ತರಿಸಿ, “ನಾಳೆಯಿಂದ ಬರ್ತೀರಾ? ಇಷ್ಟು ಸಂಶಯ ಇರುವವರು ನಮಗೆ ಇನ್ನೂ ಸಿಕ್ಕಿರಲಿಲ್ಲ,” ಎಂದರು.

ಹಾಗೆ ನಾನು ಸಂಶೋಧಕನಾದೆ. ಹುಡುಕುತ್ತಿರುವುದು ಒಂದೇ ಪ್ರಶ್ನೆಗೆ ಉತ್ತರ: ನೀರು ಬರುವ ಮೊದಲೇ ಎದ್ದುಹೋದವರಿಗೆ ಕಾನೂನಿನಲ್ಲಿ ಜಾಗ ಎಲ್ಲಿದೆ? ಕಡಲು ಮನೆ ನುಂಗಿದರೆ ಸಂತ್ರಸ್ತರು. ಕಡಲಿಗಿಂತ ಒಂದು ವಾರ ಮೊದಲು ಪಕ್ಕಾಸು ಬಿಚ್ಚಿಕೊಂಡವರು ಬರೀ ಊರು ಬಿಟ್ಟವರು. ಬುದ್ಧಿ ಉಪಯೋಗಿಸಿದ್ದಕ್ಕೆ ದಂಡ. ನಾನು ದಡದುದ್ದಕ್ಕೂ ಅಂಥವರ ಮನೆ ಹುಡುಕಿ ಹೋಗುತ್ತೇನೆ. ಅವರು ಗೇಟಿನ ಹಿಂದಿನಿಂದಲೇ ಕೇಳುತ್ತಾರೆ: “ನೀವು ಯಾರ ಕಡೆಯವರು? ರೆಸಾರ್ಟಿನವರಾ?” ಗೇಟಿನ ಹಿಂದೆ ನಿಂತ ನನ್ನನ್ನೇ ನಾನು ನೋಡಿದಂತಾಗುತ್ತದೆ. ಇವರ ಸಂಶಯ ನನಗೆ ಬಹಳ ಹಿಡಿಸುತ್ತದೆ.

ಕೋಟು ಈಗ ಉಪಯೋಗಕ್ಕಿಲ್ಲ. ಅದರ ಹಸಿರನ್ನು ಒರೆಸುವುದನ್ನೂ ಬಿಟ್ಟಿದ್ದೇನೆ. ಊರಿಗೆ ಹೋದರೆ ತಂಗಿ ನಗುತ್ತಾಳೆ: “ಅಣ್ಣಾ, ‘ಉಂಟು’ ಅಂತಿಯಲ್ಲೋ, ಕರಾವಳಿ ಮಂದಿ ಆಗಿಬಿಟ್ಟಿ!” ನಾನು ಹುಟ್ಟಿದ ಓಣಿ ಹಿನ್ನೀರಿನ ಅಡಿಯಲ್ಲಿದೆ, ನೀರು ಇಳಿದ ಬೇಸಿಗೆಯಲ್ಲಿ ಮೆಟ್ಟಿಲುಗಳಷ್ಟೇ ಮೇಲೆ ಕಾಣುತ್ತವೆ. ಹೊಸದಾಗಿ ಕಟ್ಟಿದ ಊರಿನಲ್ಲಿ ನಾನು ದಾರಿ ಕೇಳಬೇಕು. ಇಲ್ಲಿ ಸಂತೆಕಟ್ಟೆಯಲ್ಲಿ ದಾರಿ ಕೇಳಬೇಕಿಲ್ಲ. ಆದರೆ ಟೀಚರು ನೆಂಟರಿಗೆ ನನ್ನನ್ನು ಈಗಲೂ “ನಮ್ಮ ಘಟ್ಟದ ವಕೀಲ್ರು” ಎಂದೇ ಪರಿಚಯಿಸುತ್ತಾರೆ. “ನಮ್ಮ” ಎಂಬುದನ್ನು ಒತ್ತಿ ಹೇಳುತ್ತಾರೋ, “ಘಟ್ಟದ” ಎಂಬುದನ್ನೋ ಎಂದು ನಾನು ಗಮನಿಸುತ್ತಿದ್ದೇನೆ. ತನಿಖೆ ಮುಗಿದಿಲ್ಲ.

ಗಿರಿಜಕ್ಕನ ಪರಿಹಾರದ ಅರ್ಜಿ ವಜಾ ಆಯಿತು. ಅವರ ಮನೆ ಹಿರಿಯಡ್ಕದಲ್ಲಿ ತಂಗಿಯ ಹಿತ್ತಲಿನಲ್ಲಿ ಮತ್ತೆ ಎದ್ದಿದೆ, ಒಂದು ಹಂಚು ಮಾತ್ರ ಹೊಸದು. ಮೀನು ಮಾರಲು ಬೆಳಿಗ್ಗೆ ಬಸ್ಸಿನಲ್ಲಿ ಕಾಪುವಿಗೆ ಬಂದು ಮಧ್ಯಾಹ್ನ ಹಿಂದೆ ಹೋಗುತ್ತಾರೆ.